ಉಳಿದದ್ದರ ಮೇಲೆ ಸುರಿದದ್ದು

ವಾರ್ಡಿನಿಂದ ಮನೆಗೆ ತಾನು ಏನನ್ನು ಹೊತ್ತುಕೊಂಡು ಹೋಗುತ್ತಿದ್ದೇನೋ ಎಂಬ ಚಿಂತೆ ಸಣ್ಣ ಸಿಸ್ಟರನ್ನು ಬಸ್ಸಿನಲ್ಲೇ ಹಿಡಿದುಕೊಳ್ಳುತ್ತಿತ್ತು. ಆಸ್ಪತ್ರೆಯ ಗೇಟು ದಾಟುವತನಕ ತೆಪ್ಪಗಿರುವುದು, ಸೀಟು ಸಿಕ್ಕಿ ಕೂತಳೋ ಇಲ್ಲವೋ ಶುರುವಾಗುವುದು. ಕೈ ಮೊಣಕೈವರೆಗೂ ತೊಳೆದೆನಾ? ಉಗುರಿನ ಸಂದಿ? ಓಲೆಯ ಹಿಂದೆ? ಕೂದಲೊಳಗೆ ಏನಾದರೂ ಕೂತಿದ್ದರೆ? ಮನೆಯಲ್ಲಿ ಏಳು ತಿಂಗಳ ಮಗು. ಬಾಗಿಲು ತೆಗೆದ ಕೂಡಲೇ ಎರಡೂ ಕೈ ಚಾಚಿ ಮೇಲೆ ಬೀಳುವ ಮಗು. ಅದನ್ನು ದಾಟಿ, ಅದರ ಅಳುವನ್ನೂ ದಾಟಿ, ಅವಳು ನೇರ ಬಚ್ಚಲಿಗೆ ಹೋಗುವಳು. ಉಟ್ಟ ಬಟ್ಟೆ ಬಿಸಿನೀರಿಗೆ, ತಲೆಗೆ ಸ್ನಾನ, ಆಮೇಲೆ ಮಗು. ಅಷ್ಟು ಹೊತ್ತಿಗೆ ಅದು ಅತ್ತು ಅತ್ತು ಅತ್ತೆಯ ಹೆಗಲ ಮೇಲೆ ನಿದ್ದೆ ಹೋಗಿರುತ್ತಿತ್ತು.

ಅತ್ತೆ ಮೂಗು ಮುರಿಯುತ್ತಿದ್ದರು. ಎಲ್ಲ ಮಕ್ಕಳೂ ಮೊದಲು ಅಮ್ಮ ಅಂತ ಕಲಿತರೆ ಈ ಮನೆಯ ಕೂಸು ಮೊದಲು ಸೋಪು ಅಂತ ಕಲಿಯುತ್ತೆ ಎಂದು ಪಕ್ಕದ ಮನೆಯವರ ಮುಂದೆ ಆಡಿ ನಗಿಸಿದ್ದರು. ಗಂಡ ಲಿಫ್ಟು ರಿಪೇರಿ ಮಾಡುವವನು, ಸಂಜೆ ಗ್ರೀಸು ಮೆತ್ತಿಕೊಂಡು ಬರುವ ಆಸಾಮಿ. ಇವಳು ನನ್ನನ್ನು ಕಟ್ಟಿಕೊಂಡಿದ್ದೇ ತೊಳೆಯೋಕೆ ಇನ್ನೊಂದು ಸಾಮಾನು ಸಿಕ್ಕಿತು ಅಂತ, ಎನ್ನುತ್ತಿದ್ದ. ಅವಳಿಗೂ ನಗು ಬರುತ್ತಿತ್ತು. ನಗುತ್ತಲೇ ಬಾಗಿಲ ಚಿಲಕ ಒರೆಸುತ್ತಿದ್ದಳು.

ಈ ಭಯ ಮಗು ಹುಟ್ಟಿದ ಮೇಲೆ ಬಂದದ್ದೇನಲ್ಲ. ಹುಟ್ಟಾ ಅಂಜುಬುರುಕಿ ಅವಳು. ಗಡಿಯಾರ ರಿಪೇರಿಯ ಅಪ್ಪ, ಶಾಲೆಯೊಂದರಲ್ಲಿ ಗುಮಾಸ್ತೆಯಾಗಿದ್ದ ಅಮ್ಮ, ಎರಡನೇ ಮಹಡಿಯ ಒಂದೂವರೆ ಕೋಣೆ, ಒಬ್ಬಳೇ ಮಗಳು. ಪರೀಕ್ಷೆಗೆ ಎಲ್ಲರೂ ಎರಡು ಪೆನ್ಸಿಲು ಒಯ್ದರೆ ಇವಳು ಆರು ಚೂಪು ಮಾಡಿಕೊಂಡು ಹೋಗುವಳು. ರಸ್ತೆ ದಾಟುವಾಗ ಅಪ್ಪನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತಿದ್ದಳೆಂದರೆ, ನನ್ನ ಬೆರಳು ಮುರಿದರೆ ಊರಿನ ಗಡಿಯಾರವೆಲ್ಲ ನಿಂತುಹೋಗುತ್ತೆ ಕಣೇ, ಎಂದು ಅವರು ಬೇಡಿಕೊಳ್ಳಬೇಕಾಗುತ್ತಿತ್ತು. ನರ್ಸಿಂಗ್ ಓದಿ ಮುಗಿಸಿದಾಗ ಮೊದಲ ಕೆಲಸ ಬಿದ್ದದ್ದು ಸುಟ್ಟಗಾಯದ ವಾರ್ಡಿಗೆ. ಜೊತೆಗೆ ಸೇರಿದ ನಾಲ್ವರಲ್ಲಿ ಮೂವರು ವಾಸನೆ ತಾಳದೆ ತಿಂಗಳೊಪ್ಪತ್ತಿನಲ್ಲಿ ಬೇರೆ ವಾರ್ಡು ಬೇಡಿಕೊಂಡು ಓಡಿದರು. ಇವಳು ಉಳಿದಳು. ಎಲ್ಲರ ಬಾಯಲ್ಲಿ ಅಂಜುಬುರುಕಿ ಅನ್ನಿಸಿಕೊಂಡವಳು ಇಲ್ಲಿ ಒಂದೇ ವಾರದಲ್ಲಿ ಜಾಗರೂಕಳು ಅನ್ನಿಸಿಕೊಂಡಿದ್ದಳು. ಅವಳ ಭಯಕ್ಕೆ ಬೆಲೆ ಕಟ್ಟಿದ ಮೊದಲ ಜಾಗ ಅದು.

ಬೆಲೆ ಕಟ್ಟಿದವರು ದೊಡ್ಡ ಸಿಸ್ಟರ್. ಇಪ್ಪತ್ತಾರು ವರ್ಷ ಅದೇ ವಾರ್ಡಿನಲ್ಲಿ ಸವೆದ ಹೆಂಗಸು, ನಡೆದರೆ ಚಪ್ಪಲಿಯ ಸದ್ದಿಗೇ ರೋಗಿಗಳು ಹೊದಿಕೆ ಸರಿಮಾಡಿಕೊಳ್ಳುತ್ತಿದ್ದರು. ಅವರು ಮೊದಲ ದಿನವೇ ಹೇಳಿಕೊಟ್ಟ ಪಾಠ ಇಷ್ಟು: "ಚರ್ಮ ಅಂದ್ರೆ ಗೋಡೆ. ಇಲ್ಲಿ ಮಲಗಿರೋರದ್ದು ಗೋಡೆ ಬಿದ್ದುಹೋಗಿದೆ. ದಾರೀಲಿ ಹೋಗೋ ಕ್ರಿಮಿಯೆಲ್ಲ ಒಳಗೆ ನುಗ್ಗುತ್ತೆ. ಬೆಂಕಿ ಕೊಲ್ಲೋದು ಮೊದಲ ಮೂರು ದಿನ. ಆಮೇಲೆ ಸತ್ತರೆ ನಾವು ಕೊಂದ ಹಾಗೆ."

ಗೋಡೆ ಬಿದ್ದವರನ್ನು ದಿನಾ ಬೆಳಿಗ್ಗೆ ತೊಳೆಯಬೇಕು. ವಾರ್ಡಿನ ಕೊನೆಗೆ ಬಿಳಿ ಟೈಲಿನ ತೊಳೆಯುವ ಕೋಣೆ, ನಡುವೆ ಉಕ್ಕಿನ ಇಳಿಜಾರು ಹಲಗೆ, ಮೇಲೆ ಉಗುರುಬೆಚ್ಚನೆಯ ನೀರಿನ ಕೊಳವೆ. ನಿನ್ನೆಯ ಬ್ಯಾಂಡೇಜು ನೆನೆಸಿ ಬಿಡಿಸಬೇಕು, ಕ್ರಿಮಿನಾಶಕ ದ್ರವ ಹಾಕಿ ಗಾಯ ಉಜ್ಜಬೇಕು, ಸತ್ತ ಚರ್ಮವನ್ನು ಚಿಮ್ಮಟದಿಂದ ಎತ್ತಬೇಕು, ಏಕೆಂದರೆ ಸತ್ತ ಚರ್ಮವೆಂದರೆ ಕ್ರಿಮಿಗೆ ಬಡಿಸಿಟ್ಟ ಎಲೆ. ಆಮೇಲೆ ಬೆಳ್ಳಿ ಬೆರೆತ ಬಿಳಿ ಮುಲಾಮು, ಜಾಲರಿ ಬಟ್ಟೆ, ಹೊಸ ಬ್ಯಾಂಡೇಜು. ನೋವಿನ ಮದ್ದು ಕೊಟ್ಟಿದ್ದರೂ ಆ ಕೋಣೆಯಲ್ಲಿ ಗಟ್ಟಿ ಗಂಡಸರು ಕೂಗುತ್ತಿದ್ದರು, ಮಕ್ಕಳು ಕೂಗುವುದನ್ನೂ ಬಿಟ್ಟು ಬರೀ ನೋಡುತ್ತಿದ್ದರು. ಸಣ್ಣ ಸಿಸ್ಟರ್ ಕೈ ಮಾತ್ರ ನಡುಗುತ್ತಿರಲಿಲ್ಲ. ಸ್ವಲ್ಪ ಬಿಡು ತಾಯಿ ಎಂದವರಿಗೆ ಬಿಡುತ್ತಿರಲಿಲ್ಲ. ಬಿಟ್ಟರೆ ಕೊಳೆಯುತ್ತೆ ಎಂಬ ಭಯ ಅವಳಿಗೆ. ಆ ಭಯವೇ ಅವಳನ್ನು ನಿರ್ದಯಿ ಮಾಡಿತ್ತು, ಅವಳ ಕೈಗೆ ಬಂದ ರೋಗಿ ಕೊಳೆಯುವುದಿಲ್ಲ ಎಂಬ ಹೆಸರನ್ನೂ ತಂದುಕೊಟ್ಟಿತ್ತು.

ಈಗ ಬಾಟಲಿಯ ವಿಷಯ. ಉಗ್ರಾಣದಲ್ಲಿ ಕ್ರಿಮಿನಾಶಕ ದೊಡ್ಡ ಕ್ಯಾನಿನಲ್ಲಿ ಗಟ್ಟಿಯಾಗಿ ಬರುತ್ತದೆ. ಅದನ್ನು ಶುದ್ಧ ನೀರಿನಲ್ಲಿ ತೆಳುವಾಗಿ ಬೆರೆಸಿ, ಒತ್ತಿದರೆ ಸುರಿಯುವ ಎರಡು ಲೀಟರಿನ ಬಾಟಲಿಗೆ ತುಂಬಿ ತೊಳೆಯುವ ಕೋಣೆಯಲ್ಲಿ ಇಡಬೇಕು. ನಿಯಮ ಗೋಡೆಯ ಮೇಲೇ ಅಂಟಿಸಿದೆ: ಪ್ರತಿದಿನ ಉಳಿದದ್ದನ್ನು ಚೆಲ್ಲುವುದು, ಬಾಟಲಿ ತೊಳೆದು ಕ್ರಿಮಿ ಕೊಲ್ಲುವ ಹಬೆಯ ಯಂತ್ರಕ್ಕೆ ಕಳಿಸುವುದು, ಹಬೆಯಿಂದ ಬಂದ ಬೇರೆ ಬಾಟಲಿಗೆ ಹೊಸದಾಗಿ ಬೆರೆಸುವುದು, ತಾರೀಖಿನ ಚೀಟಿ ಅಂಟಿಸುವುದು. ಹಬೆಯ ಯಂತ್ರ ಎರಡು ಮಹಡಿ ಕೆಳಗೆ. ಹೋಗಿ ಬರಲು ಇಪ್ಪತ್ತು ನಿಮಿಷ. ಬೆಳಗಿನ ಪಾಳಿಯಲ್ಲಿ ಆ ಕೆಲಸ ಸಣ್ಣ ಸಿಸ್ಟರದ್ದು.

ಹೆರಿಗೆ ರಜೆ ಮುಗಿಸಿ ಬಂದ ಮೊದಲ ವಾರದಲ್ಲೇ ಆ ಇಪ್ಪತ್ತು ನಿಮಿಷ ಅವಳಿಗೆ ಸಿಗದಂತಾಯಿತು. ಬೆಳಿಗ್ಗೆ ಎಂಟಕ್ಕೆ ಎದೆಯಲ್ಲಿ ಹಾಲು ಕಲ್ಲಾಗುತ್ತಿತ್ತು. ಬಟ್ಟೆ ಇಡುವ ಕೋಣೆಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಹಿಂಡಿಕೊಳ್ಳಬೇಕು, ಇಲ್ಲದಿದ್ದರೆ ಒಂಬತ್ತಕ್ಕೆ ಸಮವಸ್ತ್ರದ ಮುಂಭಾಗ ಒದ್ದೆ. ಒದ್ದೆ ಬಟ್ಟೆಯೂ ಕ್ರಿಮಿಯ ಮನೆಯೇ ಅಲ್ಲವೇ? ಒಂದು ದಿನ ಬಾಟಲಿಯಲ್ಲಿ ಅರ್ಧ ಉಳಿದಿತ್ತು. ಅದರ ಮೇಲೆಯೇ ಹೊಸದನ್ನು ಸುರಿದು ಮುಚ್ಚಳ ಹಾಕಿದಳು. ತಾರೀಖಿನ ಚೀಟಿ ಮಾತ್ರ ಹೊಸದು. ಕ್ರಿಮಿಯನ್ನು ಕೊಲ್ಲುವ ಔಷಧದಲ್ಲಿ ಯಾವ ಕ್ರಿಮಿ ಬದುಕೀತು, ಸೋಪಿಗೆ ಯಾರಾದರೂ ಸೋಪು ಹಚ್ಚುತ್ತಾರೆಯೇ ಎಂದು ತನಗೆ ತಾನೇ ಹೇಳಿಕೊಂಡಳು. ಮರುದಿನವೂ ಹಾಗೇ. ಆಮೇಲೆ ಅದು ನೀರು ಕುಡಿದಷ್ಟು ಸಲೀಸಾಯಿತು. ಬಾಟಲಿ ಯಾವತ್ತೂ ಪೂರ್ತಿ ಬರಿದಾಗಲಿಲ್ಲ. ಬೇರೆಯವರ ಕೆಲಸವನ್ನು ದೊಡ್ಡ ಸಿಸ್ಟರ್ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಇವಳ ಕೆಲಸವನ್ನು ನೋಡುತ್ತಿರಲಿಲ್ಲ, ಬಸ್ಸಿನ ಕಂಬಿ ಮುಟ್ಟಿದರೂ ಕೈ ತೊಳೆಯುವವಳ ಕೆಲಸದಲ್ಲಿ ನೋಡುವುದೇನು?

ಇಸ್ತ್ರಿ ಹುಡುಗಿ ಬಂದದ್ದು ಆ ದಿನಗಳಲ್ಲಿ. ದೊಡ್ಡ ಲಾಂಡ್ರಿಯೊಂದರಲ್ಲಿ ಹಬೆಯ ಇಸ್ತ್ರಿ ಯಂತ್ರ ನಡೆಸುತ್ತಿದ್ದ ಇಪ್ಪತ್ತರ ಹುಡುಗಿ. ಹಬೆಯ ಕೊಳವೆ ಬಿರಿದು ಕತ್ತು, ಎದೆ, ಎರಡೂ ತೋಳು ಬೆಂದಿದ್ದವು. ಲಾಂಡ್ರಿಯವರು ತಣ್ಣೀರು ಹರಿಸುವುದು ಬಿಟ್ಟು ಟೂತ್‌ಪೇಸ್ಟ್ ಬಳಿದು ಕಳಿಸಿದ್ದರು. ಮೊದಲ ದಿನವೆಲ್ಲ ಗಟ್ಟಿಯಾದ ಪೇಸ್ಟನ್ನು ಗಾಯದಿಂದ ಕೆರೆದು ತೆಗೆಯುವುದೇ ಆಯಿತು. ಹುಡುಗಿ ಹಲ್ಲು ಕಚ್ಚಿಕೊಂಡು, ಇನ್ಮೇಲೆ ಜನ್ಮದಲ್ಲಿ ಹಲ್ಲುಜ್ಜಲ್ಲ ಸಿಸ್ಟರ್, ಎಂದಳು. ಆ ಕೋಣೆಯಲ್ಲಿ ಜೋಕು ಮಾಡಿದವರನ್ನು ಸಣ್ಣ ಸಿಸ್ಟರ್ ಅಲ್ಲಿಯವರೆಗೆ ಕಂಡಿರಲಿಲ್ಲ.

ಹುಡುಗಿಯ ತಾಯಿ ಅಂಗಿಗಳಿಗೆ ಗುಂಡಿ ಹೊಲಿಯುವವಳು. ವಾರ್ಡಿನ ನಿಯಮದಂತೆ ಹಸಿರು ನಿಲುವಂಗಿ, ಟೋಪಿ, ಮುಖಕ್ಕೆ ಮಾಸ್ಕು, ಕೈಗವಸು ಹಾಕಿಕೊಂಡು ದಿನಕ್ಕೆರಡು ಸಲ ಬಂದು ಮೊಟ್ಟೆ ಸುಲಿದು ತಿನ್ನಿಸುತ್ತಿದ್ದಳು, ಹೊಸ ಚರ್ಮ ಹುಟ್ಟಲು ಮೊಟ್ಟೆ ಬೇಕೆಂದು ಡಾಕ್ಟರು ಹೇಳಿದ್ದರು. ಕೈಗವಸಿನಲ್ಲಿ ಮೊಟ್ಟೆಯ ಸಿಪ್ಪೆ ಜಾರುತ್ತೆ ಎಂದು ತಾಯಿ ಗೊಣಗುವಳು. ಅಷ್ಟು ಸಣ್ಣ ಗುಂಡಿ ಹೊಲೀತೀಯ, ಮೊಟ್ಟೆ ಸುಲಿಯೋಕೆ ಬರಲ್ವಾ ಎಂದು ಮಗಳು ಕಾಲೆಳೆಯುವಳು. ಒಂದು ಬೆಳಿಗ್ಗೆ ಸಣ್ಣ ಸಿಸ್ಟರ್ ಬಾಗಿಲಲ್ಲಿ ನಿಂತಿದ್ದಾಗ ತಾಯಿ ಮಾಸ್ಕು ಕೆಳಗೆ ಎಳೆದು, ಕೈಗವಸು ಕಳಚಿ, ಮಗಳ ಹಣೆಗೆ ಮುತ್ತಿಟ್ಟು ಕೂದಲು ಸವರಿದಳು. ಹಣೆ ಸುಟ್ಟಿರಲಿಲ್ಲ. ಆದರೂ ಸಣ್ಣ ಸಿಸ್ಟರ್ ಧಾವಿಸಿ ಬಂದಳು. ಅವತ್ತು ಬೈದಳು, ಬೈದು ಮರೆತಳು.

ಎರಡು ವಾರದ ಮೇಲೆ ಹುಡುಗಿಯ ತೊಡೆಯಿಂದ ಚರ್ಮ ತೆಗೆದು ಎದೆಗೂ ತೋಳಿಗೂ ಹಾಕಿದರು. ಐದನೇ ದಿನ ಬ್ಯಾಂಡೇಜು ಬಿಚ್ಚುವಾಗ ಮೊದಲು ಬಂದದ್ದು ವಾಸನೆ. ಕೊಳೆತ ವಾಸನೆಯಲ್ಲ, ಹೆಚ್ಚು ಹಣ್ಣಾದ ದ್ರಾಕ್ಷಿಯಂತೆ ಸಿಹಿಸಿಹಿ. ಆಮೇಲೆ ಬಣ್ಣ. ಜಾಲರಿ ಬಟ್ಟೆಯ ಮೇಲೆ ಹಸಿರು. ನೀರು ಬಿಟ್ಟೊಡನೆ ಅಷ್ಟು ಕಷ್ಟಪಟ್ಟು ಅಂಟಿಸಿದ ಚರ್ಮ ನೆನೆದ ಕಾಗದದಂತೆ ಜಾರಿ ಹಲಗೆಯ ತೂತಿಗೆ ಹೋಗಿ ಸೇರಿತು. ಆ ಹಸಿರು ಕ್ರಿಮಿಯನ್ನು ವಾರ್ಡಿನವರು ಚೆನ್ನಾಗಿ ಬಲ್ಲರು. ಒದ್ದೆ ಇರುವಲ್ಲಿ ಹುಟ್ಟುತ್ತದೆ, ಮದ್ದಿಗೆ ಜಗ್ಗುವುದಿಲ್ಲ, ರಕ್ತಕ್ಕೆ ಇಳಿದರೆ ಎಳೆದುಕೊಂಡೇ ಹೋಗುತ್ತದೆ.

ಕ್ರಿಮಿ ಎಲ್ಲಿಂದ ಬಂತೆಂದು ಹುಡುಕಲು ನಾಳೆ ಲ್ಯಾಬಿನ ಡಾಕ್ಟರು ಬರುತ್ತಾರೆ ಎಂಬ ಸುದ್ದಿ ಬಂದದ್ದೇ ತಡ, ವಾರ್ಡಿಗೆ ವಾರ್ಡೇ ಸೊಂಟ ಕಟ್ಟಿ ನಿಂತಿತು. ನಲ್ಲಿ ಉಜ್ಜಿದರು, ಕೊಳವೆ ಬದಲಿಸಿದರು, ಕಿಟಕಿಯ ಮೇಲಿನ ಧೂಳನ್ನೂ ಬಿಡಲಿಲ್ಲ. ಸಣ್ಣ ಸಿಸ್ಟರ್ ಬಾಟಲಿಯನ್ನು ಬರಿದು ಮಾಡಿ ಹಬೆಗೆ ಕಳಿಸಿ, ಬೇರೆ ಬಾಟಲಿಗೆ ನಿಯಮದಂತೆ ತುಂಬಿದಳು. ಏನನ್ನೋ ಮುಚ್ಚಿಡಬೇಕೆಂದಲ್ಲ. ಮನೆಗೆ ನೆಂಟರು ಬರುತ್ತಾರೆಂದರೆ ಗುಡಿಸುವುದಿಲ್ಲವೇ, ಹಾಗೆ. ಡಾಕ್ಟರು ಹತ್ತಿಯ ಕಡ್ಡಿಗಳಲ್ಲಿ ಎಲ್ಲವನ್ನೂ ಒರೆಸಿ ಒಯ್ದರು: ನಲ್ಲಿ, ಹಲಗೆ, ಬಾಟಲಿ, ಸಿಸ್ಟರುಗಳ ಕೈ, ಗುಂಡಿ ಹೊಲಿಯುವವಳ ಉಗುರು. ಮೂರು ದಿನದ ಮೇಲೆ ವರದಿ ಬಂತು. ವಾರ್ಡೆಲ್ಲ ಶುದ್ಧ. ತಾಯಿಯ ಉಗುರಿನಲ್ಲಿ ಮಾತ್ರ ಏನೋ ಬೆಳೆದಿತ್ತು. ಅದು ಎಲ್ಲರ ಕೈಯಲ್ಲೂ ಇರುವ ಬೇರೆ ಜಾತಿ, ಗಾಯದ ಕ್ರಿಮಿ ಅದಲ್ಲ, ಇನ್ನೂ ಹುಡುಕಬೇಕು ಎಂದು ಡಾಕ್ಟರು ಹೇಳಿಯೇ ಹೋದರು. ದೊಡ್ಡ ಸಿಸ್ಟರ್ ಕಿವಿಗೆ ಬಿದ್ದದ್ದು ಉಗುರು ಎಂಬ ಮಾತೊಂದೇ. ಯಾರಾದರೂ ಏನಾದರೂ ನೋಡಿದ್ದೀರಾ ಎಂದು ಕೇಳಿದರು. ಮಾಸ್ಕು ಎಳೆದದ್ದು, ಮುತ್ತಿಟ್ಟದ್ದು, ಬರಿಗೈಯಲ್ಲಿ ಸವರಿದ್ದು, ಎಲ್ಲವನ್ನೂ ಸಣ್ಣ ಸಿಸ್ಟರ್ ಚಾಚೂ ತಪ್ಪದೆ ಹೇಳಿದಳು. ಹೇಳುವಾಗ ಅವಳಿಗೆ ಎದೆಯ ಭಾರ ಇಳಿದಂತಾಯಿತು. ಹೊರಗಿನಿಂದ ಬಂದದ್ದು, ನಮ್ಮದಲ್ಲ.

ದೊಡ್ಡ ಸಿಸ್ಟರ್ ತಾಯಿಯನ್ನು ಬೇರೆ ಕೋಣೆಗೆ ಕರೆದು ಹೇಳಬಹುದಿತ್ತು. ಹಾಸಿಗೆಯ ಪಕ್ಕದಲ್ಲೇ, ಎಂಟು ಹಾಸಿಗೆಯವರ ಕಿವಿಗೆ ಬೀಳುವಂತೆ, ದನಿಯನ್ನೂ ಏರಿಸದೆ ಹೇಳಿದರು.

"ನಿನ್ನ ಮುದ್ದೇ ನಿನ್ನ ಮಗಳನ್ನ ಕೊಳೆಸಿದ್ದು ಕಣಮ್ಮ. ಇನ್ನು ಒಳಗೆ ಕಾಲಿಡಬೇಡ."

ತಾಯಿ ಮೊದಲು ತನ್ನ ಕೈ ನೋಡಿಕೊಂಡಳು. ಆಮೇಲೆ ಮಗಳ ಮುಖ. ಬಾಗಿಲವರೆಗೂ ಹಿಂದೆ ಹಿಂದೆ ಸರಿಯುತ್ತ ಹೋದಳು.

ವಾರ್ಡಿನ ಬಾಗಿಲಲ್ಲಿ ಮುಖದಗಲದ ಗಾಜು. ಮರುದಿನದಿಂದ ಅವಳು ಆ ಗಾಜಿನಾಚೆ ನಿಲ್ಲತೊಡಗಿದಳು. ಉಗುರುಗಳನ್ನು ಬುಡಕ್ಕೇ ಕತ್ತರಿಸಿದ್ದಳು. ಪಾತ್ರೆ ತಿಕ್ಕುವ ಪುಡಿ ಹಾಕಿ ಉಜ್ಜಿ ಉಜ್ಜಿ ಬೆರಳ ಸಂದಿಗಳಲ್ಲಿ ರಕ್ತ ಒಸರುತ್ತಿತ್ತು. ಯಾರು ಆ ಕಡೆ ಹಾದುಹೋದರೂ ಎರಡೂ ಕೈ ಎತ್ತಿ ಹಿಂದೆ ಮುಂದೆ ತಿರುಗಿಸಿ ತೋರಿಸುವಳು, ಶಾಲೆಯಲ್ಲಿ ಟೀಚರಿಗೆ ತೋರಿಸುವ ಹಾಗೆ. ಗುಂಡಿ ಹೊಲಿಯುವ ಕೆಲಸವೂ ಕೈಬಿಟ್ಟಿತು, ಬಿಳಿ ಅಂಗಿಗಳಿಗೆ ರಕ್ತದ ಕಲೆಯಾದರೆ ಯಾರು ಇಟ್ಟುಕೊಳ್ಳುತ್ತಾರೆ? ಮೊಟ್ಟೆಯನ್ನು ಸುಲಿಯದೆ ಡಬ್ಬಿಯಲ್ಲಿಟ್ಟು ಕಳಿಸುತ್ತಿದ್ದಳು. ಸಣ್ಣ ಸಿಸ್ಟರ್ ಸುಲಿದು ತಿನ್ನಿಸುವಳು.

ಹುಡುಗಿ ಜೋಕು ನಿಲ್ಲಿಸಿದ್ದಳು. ಜ್ವರ ಏರುತ್ತ ಇಳಿಯುತ್ತ ಇತ್ತು. ದಿನಾ ಎರಡು ಸಲ ತೊಳೆಯಿರಿ ಎಂದು ಡಾಕ್ಟರು ಬರೆದಿದ್ದರು, ಇವಳು ಎರಡು ಸಲ ತೊಳೆದಳು. ತಪಾಸಣೆಯ ಗದ್ದಲ ಮುಗಿದಿತ್ತು, ಬಾಟಲಿ ಮತ್ತೆ ಹಳೆಯ ಚಾಳಿಗೆ ಬಿದ್ದಿತ್ತು, ಉಳಿದದ್ದರ ಮೇಲೆ ಹೊಸದು. ಒಂದು ಮಧ್ಯಾಹ್ನ, ಗಾಜಿನಾಚೆ ತಾಯಿ ನಿಂತಿದ್ದಾಳೆ, ನೋಡು ಎಂದು ಸಣ್ಣ ಸಿಸ್ಟರ್ ಹುಡುಗಿಗೆ ತೋರಿಸಿದಳು. ಹುಡುಗಿ ಆ ಕಡೆ ತಿರುಗಲಿಲ್ಲ.

"ಅವಳನ್ನ ಒಳಗೆ ಬಿಡಬೇಡಿ ಸಿಸ್ಟರ್," ಎಂದಳು. "ಬದುಕಬೇಕು ನಾನು."

ತಾಯಿ ಹೊರಬಿದ್ದ ಎರಡನೇ ದಿನ ಅಡುಗೆಯವನೊಬ್ಬ ಬಂದು ಸೇರಿದ್ದ. ಹೋಟೆಲಿನಲ್ಲಿ ಎಣ್ಣೆ ಸಿಡಿದು ಬಲಗೈ ಬೆಂದಿತ್ತು, ಅಷ್ಟೇನೂ ಆಳದ ಗಾಯವಲ್ಲ. ಮೂವತ್ತು ವರ್ಷದಿಂದ ಎಲ್ಲವನ್ನೂ ಕರಿದಿದ್ದೇನೆ, ನಾನೇ ಕರಿದುಹೋದದ್ದು ಇದೇ ಮೊದಲು, ಎಂದು ಬಂದವರಿಗೆಲ್ಲ ಹೇಳುವನು. ತೊಳೆಯುವ ಕೋಣೆಯಲ್ಲಿ, ಹದವಾಗಿ ಬೆಂದಿದೆಯಾ ಸಿಸ್ಟರ್, ಇನ್ನೊಂದು ಸಲ ತಿರುವಿ ಹಾಕಬೇಕಾ, ಎಂದು ಕೇಳುವನು. ಅವನ ಹಾಸಿಗೆ ಈ ತುದಿಗೆ, ಇಸ್ತ್ರಿ ಹುಡುಗಿಯದು ಆ ತುದಿಗೆ. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವನ ಬ್ಯಾಂಡೇಜು ಬಿಚ್ಚಿದಾಗ ಅದೇ ಸಿಹಿ ವಾಸನೆ ಬಂತು. ಅಂಚಿನಲ್ಲಿ ಹಸಿರು.

ಸಣ್ಣ ಸಿಸ್ಟರ್ ಚಿಮ್ಮಟ ಹಿಡಿದು ನಿಂತೇಬಿಟ್ಟಳು. ಇವನು ಬರುವ ಮೊದಲೇ ತಾಯಿ ಹೊರಗೆ ಹೋಗಿದ್ದಳು. ಇವನನ್ನು ಅವಳು ಮುಟ್ಟಿಲ್ಲ, ನೋಡಿಲ್ಲ. ಹುಡುಗಿಯ ಬಕೆಟ್ಟು ಬೇರೆ, ಇವನದು ಬೇರೆ. ನೀರಿನ ಕೊಳವೆ ಹೊಸದು, ಹಲಗೆಯನ್ನು ಪ್ರತಿ ಸಲ ಬ್ಲೀಚು ಹಾಕಿ ತೊಳೆದಿದ್ದಳು. ಇಬ್ಬರನ್ನೂ ಮುಟ್ಟಿದ್ದು ಎರಡೇ, ಅವಳ ಕೈ ಮತ್ತು ಆ ಬಾಟಲಿ. ಕೈಗೆ ಪ್ರತಿಯೊಬ್ಬರಿಗೂ ಹೊಸ ಕೈಗವಸು. ಇದೆಲ್ಲ ಅವಳು ಕೂತು ಲೆಕ್ಕ ಹಾಕಿದ್ದಲ್ಲ, ಒಂದೇ ಕ್ಷಣದಲ್ಲಿ ತಿಳಿದುಹೋಗಿತ್ತು. ಯಾಕ್ ಸಿಸ್ಟರ್, ಸೀದುಹೋಗಿದೆಯಾ, ಎಂದ ಅಡುಗೆಯವನು. ಅವನಿಗೆ ಶುದ್ಧ ನೀರಿನಲ್ಲೇ ಗಾಯ ತೊಳೆದು, ಕಟ್ಟು ಕಟ್ಟಿ ಕಳಿಸಿದಳು. ಬಾಗಿಲು ಹಾಕಿ, ಬಾಟಲಿಯ ಮುಚ್ಚಳ ತಿರುಗಿಸಿ ಮೂಗಿಗೆ ಹಿಡಿದಳು.

ಔಷಧದ ಘಾಟಿನ ಕೆಳಗೆ ದ್ರಾಕ್ಷಿ.

ಒಳಗೆ ಇಳಿಬಿಟ್ಟ ಕೊಳವೆಯನ್ನು ಎಳೆದರೆ ಅದರ ತುದಿಯಲ್ಲಿ ಲೋಳೆಯಾದ ಒಂದು ಪೊರೆ. ಬೆಳಕಿಗೆ ಹಿಡಿದಾಗ ತೆಳುಹಸಿರು. ಹುಡುಗಿಯ ಗಾಯ ಮುಟ್ಟಿದ ಕೈಗವಸಿನಿಂದಲೇ ಕ್ರಿಮಿ ಮತ್ತೆ ಬಾಟಲಿ ಹೊಕ್ಕಿತ್ತು, ಆ ಪೊರೆಯೊಳಗೆ ಅವಿತುಕೊಂಡು ಔಷಧವನ್ನೇ ಕುಡಿದು ಬೆಳೆದಿತ್ತು. ಬೆಳೆದದ್ದನ್ನು ದಿನಕ್ಕೆರಡು ಸಲ, ಕೈ ನಡುಗಿಸದೆ, ಬಿಡು ತಾಯಿ ಎಂದರೂ ಬಿಡದೆ, ಚರ್ಮವಿಲ್ಲದ ಎದೆಗೆ ಇವಳೇ ಉಜ್ಜಿದ್ದಳು.

ಅವಳು ಮಾಡಬೇಕಾಗಿದ್ದದ್ದು ಇಷ್ಟೇ: ಬಾಟಲಿಯನ್ನು ಹಾಗೇ ಮುಚ್ಚಿ ಲ್ಯಾಬಿನ ಡಾಕ್ಟರ ಮೇಜಿನ ಮೇಲೆ ಇಡುವುದು. ಅವಳು ಮಾಡಿದ್ದು: ಎಲ್ಲವನ್ನೂ ಮೋರಿಗೆ ಸುರಿದು, ಮೇಲೆ ಬ್ಲೀಚು ಸುರಿದು, ಕೊಳವೆಯನ್ನು ಕತ್ತರಿಸಿ ಕಸಕ್ಕೆ ಹಾಕಿ, ಬಾಟಲಿಯನ್ನು ಎರಡು ಮಹಡಿ ಇಳಿಸಿ ಹಬೆಗೆ ಕೊಟ್ಟದ್ದು. ಅಂದಿನಿಂದ ಪ್ರತಿದಿನ ತಪ್ಪದೆ ಕೊಟ್ಟಳು. ಅಡುಗೆಯವನ ಗಾಯದ ಹಸಿರನ್ನು ಯಾರಿಗೂ ಹೇಳಲಿಲ್ಲ. ಅವನ ಕೈ ಹತ್ತು ದಿನದಲ್ಲಿ ತಿಳಿಯಾಯಿತು. ಅವನು ಹೊರಡುವಾಗ, ನಿಮ್ಮ ಕೈಗುಣ ದೊಡ್ಡದು ಸಿಸ್ಟರ್, ಎಂದು ಕೈ ಮುಗಿದು ಹೋದ.

ಹುಡುಗಿಗೆ ಅಷ್ಟು ದಿನ ಇರಲಿಲ್ಲ. ಬಾಟಲಿ ಹಬೆಗೆ ಹೋದ ದಿನವೇ ಕ್ರಿಮಿ ರಕ್ತಕ್ಕೆ ಇಳಿದಿದೆ ಎಂದು ವರದಿ ಬಂದಿತ್ತು. ಅಲ್ಲಿಂದ ನಾಲ್ಕು ದಿನ ಬದುಕಿದಳು. ಆ ನಾಲ್ಕು ದಿನವೂ ಸಣ್ಣ ಸಿಸ್ಟರ್ ಗಾಜಿನ ಮುಂದೆ ಓಡಾಡಿದಳು, ಆ ನಾಲ್ಕು ದಿನವೂ ತಾಯಿ ಕೈ ಎತ್ತಿ ತೋರಿಸಿದಳು. ಒಂದು ಮಾತು ಸಾಕಿತ್ತು. ಬಾಯಿ ತೆರೆದರೆ ಮಗುವಿನ ಮುಖ ಕಣ್ಣಿಗೆ ಬರುತ್ತಿತ್ತು. ಕೆಲಸ ಹೋಗುತ್ತೆ, ಪೊಲೀಸು ಬರುತ್ತೆ, ಎದೆಹಾಲು ಕುಡಿಯುವ ಕೂಸನ್ನು ಬಿಟ್ಟು ಎಲ್ಲಿ ಹೋಗಿ ಕೂರಲಿ? ನಾಳೆ ಹೇಳುತ್ತೇನೆ ಎಂದುಕೊಳ್ಳುವಳು. ಮನೆಗೆ ಹೋಗಿ ಎರಡೆರಡು ಸಲ ತಲೆಗೆ ನೀರು ಹಾಕಿಕೊಳ್ಳುವಳು.

ನಾಲ್ಕನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹುಡುಗಿಯ ಉಸಿರು ಕೆಟ್ಟಿತು. ಇನ್ನು ಏನು ಮುಟ್ಟಿದರೂ ವ್ಯತ್ಯಾಸವಿಲ್ಲ ಎಂದಾದ ಮೇಲೆ ದೊಡ್ಡ ಸಿಸ್ಟರ್ ತಾವೇ ಬಾಗಿಲಿಗೆ ಹೋಗಿ, ಬಾಮ್ಮ, ಒಳಗೆ ಬಂದು ಕೂತ್ಕೊ, ಎಂದು ಕರೆದರು. ತಾಯಿ ಬರಲಿಲ್ಲ. ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು.

"ಬೇಡ ಸಿಸ್ಟರ್," ಎಂದಳು. "ಇನ್ನೂ ಕೈಯಲ್ಲಿ ಉಳಿದಿದ್ರೆ? ಅವಳಿಗೆ ಇಷ್ಟ ಇಲ್ಲ ನಾನು ಬರೋದು."

ಗಾಜಿನಾಚೆಯೇ ನಿಂತು ನೋಡಿದಳು. ಹುಡುಗಿಯ ತಲೆ ಗೋಡೆಯ ಕಡೆಗೇ ತಿರುಗಿತ್ತು. ಕೈ ಹಿಡಿದುಕೊಂಡಿದ್ದವಳು ಸಣ್ಣ ಸಿಸ್ಟರ್.

ಆ ಸಂಜೆ ಗಂಡನ ಮುಂದೆ ಎಲ್ಲವನ್ನೂ ಕಾರಿಕೊಂಡಳು. ಅವನು ಕೈಯಲ್ಲಿದ್ದ ಟೀ ಆರುವವರೆಗೂ ಕೇಳಿಸಿಕೊಂಡ. ಇಷ್ಟು ದಿನ ಅವಳ ಭಯಕ್ಕೆಲ್ಲ ನಕ್ಕವನು ಈಗ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಅನಿಸಿತು ಅವಳಿಗೆ. ಬಾಯಿಗೆ ಬೀಗ ಹಾಕಿಕೋ ಎಂದ. ಲಿಫ್ಟಿನ ಕೇಬಲ್ಲು ಕಿತ್ತು ಯಾರಾದರೂ ಬಿದ್ದರೆ ನಾವು ಮೊದಲು ಕಲಿಯುವುದು ಸುಮ್ಮನಿರುವುದನ್ನು ಎಂದ. ನೀನು ಹೇಳಿದರೆ ಸತ್ತವಳು ಎದ್ದು ಬರುತ್ತಾಳಾ, ಮಗುವಿನ ಮುಖ ನೋಡು, ಎಂದ. ಅವಳು ಮಗುವಿನ ಮುಖ ನೋಡಿದಳು. ಸುಮ್ಮನಾದಳು. ಹೀಗೆ ಮೂರು ವಾರ ಕಳೆಯಿತು. ವಾರ್ಡಿನಲ್ಲಿ ಮತ್ತೆ ಹಸಿರು ಕಾಣಲಿಲ್ಲ. ನೋಡಿದಿರಾ, ತಾಯಿ ಹೋದಳು, ರೋಗ ಹೋಯಿತು, ಎಂದು ದೊಡ್ಡ ಸಿಸ್ಟರ್ ಹೊಸದಾಗಿ ಸೇರಿದ ಹುಡುಗಿಯರಿಗೆ ಇದನ್ನೇ ಪಾಠವಾಗಿ ಹೇಳತೊಡಗಿದರು.

ನಾಲ್ಕನೇ ವಾರದ ಮೊದಲ ದಿನ ಇಸ್ತ್ರಿ ಹುಡುಗಿಯ ಅಕ್ಕ ಬಂದಳು, ಆಸ್ಪತ್ರೆಯ ಕಾಗದಕ್ಕಾಗಿ. ಹೆಗಲ ಮೇಲೆ ಒಂದು ಕೂಸು, ಮೂರು ತಿಂಗಳದ್ದಿರಬೇಕು. ಕಾಗದ ತಯಾರಾಗುವವರೆಗೆ ಬೆಂಚಿನ ಮೇಲೆ ಕೂತಿದ್ದಳು. ಸಣ್ಣ ಸಿಸ್ಟರನ್ನು ಕಂಡು ಎದ್ದು ಬಂದು, ನೀವೇ ಅಲ್ವಾ ನನ್ನ ತಂಗಿಗೆ ಮೊಟ್ಟೆ ತಿನ್ನಿಸ್ತಿದ್ದದ್ದು, ಅಮ್ಮ ಯಾವಾಗ್ಲೂ ಹೇಳ್ತಾಳೆ, ಎಂದಳು. ಆಮೇಲೆ ಸಂಕೋಚದಿಂದ ದನಿ ತಗ್ಗಿಸಿದಳು.

"ಒಂದು ವಿಷಯ ಕೇಳಬೇಕಿತ್ತು ಸಿಸ್ಟರ್. ಆ ಕ್ರಿಮಿ ಕೈಯಲ್ಲಿ ಎಷ್ಟು ದಿನ ಇರುತ್ತೆ? ಅಮ್ಮ ಇವನನ್ನ ಮುಟ್ಟೋದೇ ಇಲ್ಲ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಕೊಂಡು ಕೂತಿರ್ತಾಳೆ. ಅವಳಿಗೆ ಊಟಾನೂ ನಾನೇ ತಿನ್ನಿಸ್ಬೇಕು. ಯಾವಾಗಿಂದ ಎತ್ಕೋಬಹುದು ಅಂತ ನೀವು ಹೇಳಿದ್ರೆ ನಂಬ್ತಾಳೆ."

ಸಣ್ಣ ಸಿಸ್ಟರ್ ಬಾಯಿಂದ ಬಂದ ಮಾತು ಅವಳಿಗೇ ಬೇರೆ ಯಾರದೋ ಮಾತಿನಂತೆ ಕೇಳಿಸಿತು. ಇನ್ನೊಂದು ಹದಿನೈದು ದಿನ ಬಿಟ್ಟು ಎತ್ತಿಕೊಳ್ಳಲಿ ಎಂದಳು. ಚೆನ್ನಾಗಿ ತೊಳೆದುಕೊಂಡು, ಎಂದೂ ಸೇರಿಸಿದಳು. ಅಕ್ಕ ತಲೆದೂಗಿ, ಹದಿನೈದು ದಿನ ಎಂದು ಬೆರಳಲ್ಲಿ ಎಣಿಸಿಕೊಂಡು, ತುಂಬಾ ಉಪಕಾರವಾಯ್ತು ಎಂದು ಹೋದಳು.

ಸಣ್ಣ ಸಿಸ್ಟರ್ ಬಟ್ಟೆ ಇಡುವ ಕೋಣೆಗೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ತಾನು ಸುಮ್ಮನಿದ್ದೇನೆ, ಅಷ್ಟೇ, ಎಂದು ಮೂರು ವಾರ ತನ್ನನ್ನು ತಾನು ಸಮಾಧಾನ ಮಾಡಿಕೊಂಡಿದ್ದಳು. ಇವತ್ತು ಸುಮ್ಮನಿರಲಿಲ್ಲ. ಇವತ್ತು ಆ ಹೆಂಗಸಿನ ಕೈಗೆ ಇನ್ನೂ ಹದಿನೈದು ದಿನದ ಶಿಕ್ಷೆಯನ್ನು ತಾನೇ ಬಾಯಾರೆ ವಿಧಿಸಿ ಬಂದಿದ್ದಳು, ಉಪಕಾರವಾಯ್ತು ಅನ್ನಿಸಿಕೊಂಡು.

ಮಧ್ಯಾಹ್ನ ಎರಡು ಗಂಟೆಗೆ ಪಾಳಿ ಮುಗಿಯಿತು. ದಾಖಲೆ ಪುಸ್ತಕದಲ್ಲಿ ಹುಡುಗಿಯ ಹೆಸರಿನ ಮುಂದೆ ಮನೆಯವರ ಫೋನ್ ನಂಬರು ಇತ್ತು. ಅದನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು. ಬಸ್ಸು ಹತ್ತಲಿಲ್ಲ. ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ, ಬಿಸಿಲಲ್ಲಿ, ಬೆವರಿಗೆ ಅಂಕಿಗಳು ಅಳಿಸುವ ಮೊದಲು ಒತ್ತಿದಳು. ಒಂದು ಸಲ ಒತ್ತಿ ಕತ್ತರಿಸಿದಳು. ಗಂಡನಿಗೆ ಹೇಳಿ ಮಾಡಲೇ ಎಂದುಕೊಂಡಳು. ಹೇಳಿದರೆ ಮಾಡುವುದಿಲ್ಲ ಎಂದು ಗೊತ್ತಿತ್ತು. ಮತ್ತೆ ಒತ್ತಿದಳು.

ಎತ್ತಿದ್ದು ತಾಯಿಯೇ. ದನಿ ದೂರದಿಂದ ಬರುತ್ತಿತ್ತು. ಫೋನನ್ನು ನೆಲದ ಮೇಲಿಟ್ಟು ಮಾತಾಡುತ್ತಿದ್ದಾಳೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ನಾನು ವಾರ್ಡಿನ ಸಣ್ಣ ಸಿಸ್ಟರ್," ಎಂದಳು.

ತಾಯಿ ಗಡಬಡಿಸಿ, ಹೇಳಿ ಸಿಸ್ಟರ್, ದೊಡ್ಡ ಮಗಳು ಈಗ ತಾನೇ ಬಂದು ಹೇಳಿದಳು, ಹದಿನೈದು ದಿನ ಮುಟ್ಟಲ್ಲ, ನೀವು ಚಿಂತೆ ಮಾಡಬೇಡಿ, ಎಂದಳು. ನಿಮಗೆಲ್ಲ ಆಗ ತುಂಬಾ ತೊಂದರೆ ಕೊಟ್ಟೆ, ನೀವು ಅವತ್ತೇ ಬೈದಿದ್ದಿರಿ, ನಾನೇ ಕೇಳಲಿಲ್ಲ, ಎಂದೂ ಹೇಳಿದಳು.

"ಅಮ್ಮ, ಕೈಯಿಂದ ಆ ಚೀಲ ತೆಗೀರಿ. ಫೋನ್ ಕೈಯಲ್ಲಿ ಹಿಡ್ಕೊಳ್ಳಿ. ನಿಮ್ಮ ಕೈಯಲ್ಲಿ ಯಾವತ್ತೂ ಏನೂ ಇರಲಿಲ್ಲ."

ಆಮೇಲೆ ಹೇಳಿದಳು. ರಜೆ ಮುಗಿಸಿ ಬಂದ ಮೊದಲ ವಾರದಿಂದ ಹಿಡಿದು, ಎದೆಹಾಲು, ಇಪ್ಪತ್ತು ನಿಮಿಷ, ಉಳಿದದ್ದರ ಮೇಲೆ ಸುರಿದದ್ದು, ತಪಾಸಣೆಯ ಹಿಂದಿನ ದಿನ ತೊಳೆದದ್ದು, ಮುತ್ತಿಟ್ಟದ್ದನ್ನು ದೊಡ್ಡ ಸಿಸ್ಟರಿಗೆ ಹೇಳಿದ್ದು, ಅಡುಗೆಯವನ ಕೈ, ಮೋರಿಗೆ ಚೆಲ್ಲಿದ್ದು, ಆ ನಾಲ್ಕು ದಿನ. ಏನನ್ನೂ ಬಿಡಲಿಲ್ಲ. ನಾಳೆ ಬೆಳಿಗ್ಗೆ ಲ್ಯಾಬಿನ ಡಾಕ್ಟರಿಗೂ ಬರೆದು ಕೊಡುತ್ತೇನೆ, ನೀವು ಪೊಲೀಸಿಗೆ ಹೋದರೂ ಇದನ್ನೇ ಹೇಳುತ್ತೇನೆ, ಎಂದಳು. ಆ ಕಡೆಯಿಂದ ಪ್ಲಾಸ್ಟಿಕ್ ಹರಿಯುವ ಪರಪರ ಸದ್ದು ಕೇಳಿಸಿತು, ಆಮೇಲೆ ಉಸಿರು ಹತ್ತಿರವಾಯಿತು. ಫೋನು ಈಗ ಕೈಯಲ್ಲಿತ್ತು.

ಬೈಗುಳಕ್ಕಾಗಿ ಕಾದಳು. ಬೈದರೆ ಸಾಕೆನಿಸಿತ್ತು.

"ಇದು ನನ್ನ ಮಗಳಿಗೆ ಗೊತ್ತಿತ್ತಾ?" ಎಂದು ತಾಯಿ ಕೇಳಿದಳು. "ಕೊನೇಲಾದ್ರೂ ಹೇಳಿದ್ರಾ, ನಾನಲ್ಲ ಅಂತ?"

"ಇಲ್ಲ ಅಮ್ಮ," ಎಂದಳು ಸಣ್ಣ ಸಿಸ್ಟರ್. "ಹೇಳಲಿಲ್ಲ."